ಒಂದು ಪಾಲು ಗೋಧಿ

೧೪ ಜೂನ್ ೨೦೨೪, ಶುಕ್ರವಾರ

ಬೆಳಿಗ್ಗೆ ನಮ್ಮ ಮನೆಯವರು ಮಂಚದಿಂದ ಇಳಿದು ಕಾಲೂರಿದವರೇ ಕೂಗಿಕೊಂಡರು. ಬಲಗಾಲ ಹಿಮ್ಮಡಿಗೆ ಮೊಳೆ ಹೊಡೆದ ಹಾಗಾಯಿತಂತೆ. ಗೋಡೆ ಹಿಡಿದು ಬಚ್ಚಲಿಗೆ ಹೋಗಿಬಂದರು. ಸ್ವಲ್ಪ ಓಡಾಡಿದ ಮೇಲೆ ಸಡಿಲಾಯಿತು ಎಂದು ಚಪ್ಪಲಿ ಮೆಟ್ಟಿಕೊಂಡು ಹಿತ್ತಲಿನ ಕುರಿ ರೊಪ್ಪದ ಕಡೆಗೆ ಹೋದರು. ಹೊಸದುರ್ಗದ ಸಂತೆಯಿಂದ ತಂದ ಟಗರುಗಳನ್ನು ಲಾರಿಗೆ ತುಂಬಿಸುವುದಿತ್ತು.

ಮಧ್ಯಾಹ್ನ ಊಟಕ್ಕೆ ಕೂತಾಗ ಸಾರು ಆರಿತ್ತು. ನಾನು ಅರ್ಜೆಂಟಿನ ಬ್ಲೌಸು ಹೊಲಿಯುತ್ತ ಬಿಸಿ ಮಾಡುವುದನ್ನು ಮರೆತಿದ್ದೆ. ತಟ್ಟೆ ಎತ್ತಿ ಎಸೆದರು. ಹೆಕ್ಕಲು ಬಗ್ಗಿದಾಗ ಸೊಂಟಕ್ಕೆ ಒದ್ದರು. ಒದ್ದದ್ದು ಆ ನೋವಿನ ಕಾಲಿನಲ್ಲೇ. ಅವರಿಗೇ ಜೀವ ಹೋದಂತಾಗಿ ಕೂತುಬಿಟ್ಟರು. ಕಾಲು ನೊಂದಿತಲ್ಲ ಎಂಬ ಸಿಟ್ಟಿಗೆ ಬೆಲ್ಟು ಬಿಚ್ಚಿ ಮತ್ತೆ ಹೊಡೆದರು. ತಪ್ಪು ನನ್ನದೇ. ಸಾರು ಬಿಸಿ ಮಾಡಬೇಕಿತ್ತು.

ಕಾವ್ಯಶ್ರೀ ಪಿಯುಸಿ ಸೇರಿ ಚಿತ್ರದುರ್ಗದ ಹಾಸ್ಟೆಲಿಗೆ ಹೋದ ಮೇಲೆ ಈ ಐಮಂಗಲದ ಮನೆಯಲ್ಲಿ ನನಗೆ ಮಾತಿಲ್ಲ. ಅತ್ತೆ ಮುದ್ದಕ್ಕನದು ಮೊದಲಿನಿಂದಲೂ ಮಾತು ಕಮ್ಮಿ. ಅದಕ್ಕೇ ಮಗಳು ಬಿಟ್ಟುಹೋದ ನೋಟ್‌ಪುಸ್ತಕದಲ್ಲಿ ಬರೆಯುತ್ತಿದ್ದೇನೆ. ಯಾರಿಗೂ ಅಲ್ಲ. ಬರೆದರೆ ಬೆನ್ನು ಸ್ವಲ್ಪ ಹಗುರಾಗುತ್ತದೆ.

೨೦ ಜುಲೈ

ಹೊಸದುರ್ಗದ ಮೂಳೆ ಡಾಕ್ಟರು ಹಿಮ್ಮಡಿಗೇ ಇಂಜೆಕ್ಷನ್ ಚುಚ್ಚಿದರು. ಒಂದು ವಾರ ಆರಾಮಾಗಿತ್ತು. ಈಗ ಎರಡೂ ಪಾದ ಉರಿಯುತ್ತವೆ, ಬೆರಳುಗಳಿಗೆ ಜೋಮು. ಸಂತೆಯಲ್ಲಿ ಕುರಿ ಹಿಡಿದು ಬೆನ್ನು ಮುಟ್ಟಿ ನೋಡಲು ಆಗದೆ ಲಾರಿಯ ಹಿಂದೆ ಕೂತೇ ವ್ಯಾಪಾರ ಮಾಡಿದರಂತೆ. ಲಾರಿ ಓಡಿಸುವ ಮಾರಣ್ಣ ನನಗೆ ಹೇಳಿದ. ಯಾರೋ ಒಬ್ಬರು "ಏನಪ್ಪ ರವೀಂದ್ರ, ಕುಂಟ ಕುರಿ ಮಾರಾಕೆ ಬಂದೀಯೋ, ನೀನೇ ಕುಂಟ ಆದ್ಯೋ" ಎಂದರಂತೆ. ಆ ಮಾತಿನ ಬೆಲೆ ಸಂಜೆ ನನ್ನ ಕಪಾಳಕ್ಕೆ ಬಿತ್ತು.

ಚಿತ್ರದುರ್ಗದಲ್ಲಿ ರಕ್ತ ಕೊಟ್ಟು ಬಂದೆವು. ಸಕ್ಕರೆ ಇಲ್ಲ. ಮಾವ ಸಕ್ಕರೆ ಕಾಯಿಲೆಯಿಂದ ಕಾಲು ಕತ್ತರಿಸಿಕೊಂಡು ಸತ್ತವರು. ಆ ಹೆದರಿಕೆಗೆ ಇವರು ಮುದ್ದೆ, ಅನ್ನ ಬಿಟ್ಟು ಎರಡು ವರ್ಷವಾಯಿತು. ಎರಡು ಹೊತ್ತೂ ಚಪಾತಿ. ದಾರಿಯಲ್ಲಿ ಪರೋಟ. ಊಟವಾದ ಮೇಲೆ ಹೊಟ್ಟೆ ತಮಟೆಯ ಹಾಗೆ ಉಬ್ಬುತ್ತದೆ. ಅದಕ್ಕೂ ನನ್ನ ಕೈ ಅಡುಗೆಯೇ ಕಾರಣವಂತೆ.

೩ ಆಗಸ್ಟ್, ಶನಿವಾರ

ಹಿರಿಯೂರಿಗೆ ಹೋಗಿದ್ದೆವು. ಅಲ್ಲಿ ಸುಚಿತ್ರಾ ಎಂಬ ಡಾಕ್ಟರು ಹೊಸದಾಗಿ ಬಂದಿದ್ದಾರೆ. ಕಾಲಿನ ವಿಚಾರ ಕೇಳಿದವರು ಹೊಟ್ಟೆಯ ವಿಚಾರವನ್ನೂ ಕೇಳುತ್ತ ಹೋದರು. ಕಾಲು ತೋರಿಸಲು ಬಂದರೆ ಹೊಟ್ಟೆ ಯಾಕೆ ಎಂದು ಇವರಿಗೆ ರೇಗಿತು. ಅವರು ತಲೆ ಕೆಡಿಸಿಕೊಳ್ಳಲಿಲ್ಲ. ಏನು ಉಣ್ಣುತ್ತೀರಿ, ಯಾವಾಗಿಂದ ಎಂದು ಕೇಳಿ ಬರೆದುಕೊಂಡರು. ಮತ್ತೆ ರಕ್ತ ತೆಗೆಸಿದರು. ಸಂಜೆಯವರೆಗೆ ಕಾಯಿಸಿ ಒಳಗೆ ಕರೆದರು.

"ಗೋಧಿಯಲ್ಲಿ ಗ್ಲುಟೆನ್ ಅಂತ ಒಂದು ಅಂಶ ಇರುತ್ತೆ. ಹಿಟ್ಟು ಜಿಗಟಾಗೋದು ಅದರಿಂದಲೇ. ಕೆಲವರ ಮೈಗೆ ಅದು ಒಗ್ಗಲ್ಲ. ಹೊಟ್ಟೆ ಕೆಡುತ್ತೆ, ಕೆಲವರಿಗೆ ಕೀಲು, ನರ, ಪಾದಕ್ಕೂ ಬರಬಹುದು. ನಿಮಗೆ ಅದೇ ಅಂತ ನಾನು ಖಚಿತವಾಗಿ ಹೇಳಲ್ಲ, ರಕ್ತದಲ್ಲೂ ಏನೂ ಸಿಕ್ಕಿಲ್ಲ. ಆದರೂ ಗೋಧಿ, ಮೈದಾ, ರವೆ ಎಲ್ಲ ಎರಡು ತಿಂಗಳು ಬಿಟ್ಟು ನೋಡಿ" ಎಂದರು.

ಆಮೇಲೆ ನನ್ನ ಕಡೆ ತಿರುಗಿ, ಅಡುಗೆ ಮಾಡುವವರು ನೀವೇ ಅಲ್ಲವೇ, ಇವರ ಕಾಲು ಈಗ ನಿಮ್ಮ ಕೈಯಲ್ಲಿದೆ ಎಂದು ನಕ್ಕರು. ನನ್ನ ಮೊಣಕೈಯ ಹತ್ತಿರದ ಕಂದು ಗುರುತು ನೋಡಿ ಅದೇನೆಂದು ಕೇಳಿದರು. ಹೊಲಿಗೆ ಯಂತ್ರದ ಚಕ್ರ ತಗುಲಿತು ಎಂದೆ. ಇನ್ನೊಂದು ಸಲ ನೋಡಿದರು, ಕೇಳಲಿಲ್ಲ.

೨೮ ಆಗಸ್ಟ್

ಮನೆಯಲ್ಲಿ ಈಗ ಎರಡು ಹೊತ್ತೂ ರಾಗಿ ಮುದ್ದೆ. ಗೋಧಿ ಹಿಟ್ಟಿನ ಡಬ್ಬವನ್ನು ತೊಳೆದು ಬೋರಲು ಹಾಕಿದ್ದೇನೆ. ಹೊಟ್ಟೆ ಉಬ್ಬರ ಮೊದಲು ಇಳಿಯಿತು. ಪಾದದ ಉರಿ ಕಮ್ಮಿ ಎನ್ನುತ್ತಾರೆ. ಇವತ್ತು ಕೋಲಿಲ್ಲದೆ ರೊಪ್ಪದ ತನಕ ನಡೆದುಹೋದರು. ಅತ್ತೆ ಬಾಗಿಲಲ್ಲಿ ನಿಂತು ಮಗನ ಕಾಲನ್ನೇ ನೋಡುತ್ತಿದ್ದರು. ನನಗೂ ಕಣ್ಣು ತುಂಬಿತು. ನೋವಿಗೇ ಅವರು ಹಾಗಾಡುತ್ತಿದ್ದದ್ದು, ಇನ್ನು ಎಲ್ಲ ಸರಿಹೋಗುತ್ತದೆ ಎಂದುಕೊಂಡೆ.

೧೨ ಸೆಪ್ಟೆಂಬರ್

ಹೊಸದುರ್ಗಕ್ಕೆ ಹೋಗಿ ತಾವೇ ಕುರಿ ಆರಿಸಿ ತಂದರು. ದಿನವೆಲ್ಲ ಸಂತೆ ಸುತ್ತಿದರೂ ನೋವಿಲ್ಲವಂತೆ. ನನಗೆ ಮಲ್ಲಿಗೆ ತಂದಿದ್ದರು. ತಂದು ಎಷ್ಟು ವರ್ಷವಾಗಿತ್ತೋ.

೨೧ ಸೆಪ್ಟೆಂಬರ್

ಬರೆಯಲು ಕೂತರೆ ಉಸಿರು ಹಿಡಿಯುತ್ತದೆ. ಎಡಗಡೆ ಪಕ್ಕೆಲುಬು ಬಿರುಕು ಬಿಟ್ಟಿದೆಯಂತೆ.

ಮಾರಣ್ಣ ಬಂದಾಗ ಟೀ ಕೊಡುತ್ತ ನಕ್ಕೆ ಎಂಬುದು ಕಾರಣ. ಅವನು ಹೋಗುವ ತನಕ ಸುಮ್ಮನಿದ್ದರು. ನಾನು ಯಂತ್ರದ ಮುಂದೆ ಕೂತಿದ್ದೆ, ಹಿಂದಿನಿಂದ ಬಂದು ಒದ್ದರು. ಸ್ಟೂಲಿನಿಂದ ಬಿದ್ದೆ. ಬಿದ್ದ ಮೇಲೂ ಒದ್ದರು. ಮೊದಲಿನ ಹಾಗೆ, ನೋವಿಗಿಂತ ಮುಂಚೆ ಒದೆಯುತ್ತಿದ್ದ ಹಾಗೆ, ಮೈಯ ಭಾರವನ್ನೆಲ್ಲ ಹಾಕಿ ಒದ್ದರು. ಕಾಲು ಪೂರ್ತಿ ವಾಸಿಯಾಗಿದೆ.

ಆಸ್ಪತ್ರೆಯಲ್ಲಿ ಮೆಟ್ಟಿಲಿಂದ ಜಾರಿದೆ ಎಂದು ಹೇಳಿದೆ. ನಮ್ಮ ಮನೆಗೆ ಮೆಟ್ಟಿಲೇ ಇಲ್ಲ.

೯ ಅಕ್ಟೋಬರ್, ಬುಧವಾರ

ಕಾವ್ಯ ದಸರಾ ರಜೆಗೆ ಬಂದಿದ್ದಾಳೆ. ಬಂದಿದ್ದಳು ಎನ್ನಬೇಕೋ ಏನೋ, ಈಗ ಒಳಗೆ ಗೋಡೆಗೆ ಮುಖ ಮಾಡಿ ಮಲಗಿದ್ದಾಳೆ.

ಕ್ಲಾಸಿನ ಹುಡುಗನೊಬ್ಬ ಫೋನ್ ಮಾಡಿ ನೋಟ್ಸ್ ಕೇಳಿದ. ಅವರು ಕೇಳಿಸಿಕೊಂಡರು. ಜಡೆ ಹಿಡಿದು ಅಂಗಳಕ್ಕೆ ಎಳೆದರು. ಫೋನ್ ಕೈ ತಪ್ಪಿ ಬಿತ್ತು, ಅವಳು ಅದನ್ನು ತೆಗೆದುಕೊಳ್ಳಲು ಕೈ ಚಾಚಿದಳು. ಆ ಕೈ ಮೇಲೆ ಕಾಲಿಟ್ಟರು. ಇಟ್ಟು ತಿರುವಿದರು, ಬೀಡಿ ಹೊಸಕುವವರ ಹಾಗೆ. ಬೂಟು ಹಾಕಿಕೊಂಡಿದ್ದರು. ನಾನು ಆ ಕಾಲನ್ನು ಅಪ್ಪಿ ಹಿಡಿದು ಎತ್ತಲು ನೋಡಿದೆ. ಅಲುಗಲಿಲ್ಲ. ಅಷ್ಟು ಗಟ್ಟಿಯಾಗಿತ್ತು. ನಾನೇ ಮುದ್ದೆ ತಿರುವಿ ತಿರುವಿ ಗಟ್ಟಿ ಮಾಡಿದ ಕಾಲು.

ಬಲಗೈಯ ಎರಡು ಬೆರಳು ಮುರಿದಿವೆ. ಹಿರಿಯೂರಿನಲ್ಲಿ ಪಟ್ಟಿ ಹಾಕಿಸಿದೆವು. ಬಾಗಿಲಿಗೆ ಸಿಕ್ಕಿತು ಎಂದು ಮೂವರೂ ಹೇಳಿದೆವು.

೧೦ ಅಕ್ಟೋಬರ್

ಮಿಲ್ಲಿಗೆ ಹೋಗಿದ್ದೆ. ರಾಗಿಗೆ ಒಂದು ಪಾಲು ಗೋಧಿ ಸೇರಿಸಿ ಬೀಸಿಸಿಕೊಂಡು ಬಂದೆ. ಬಣ್ಣದಲ್ಲಿ ಏನೂ ವ್ಯತ್ಯಾಸ ಕಾಣುವುದಿಲ್ಲ.

೨೭ ಅಕ್ಟೋಬರ್

ನಿನ್ನೆಯಿಂದ ಅವರಿಗೆ ಹೊಟ್ಟೆ ಉಬ್ಬರ. ಇವತ್ತು ಬೆಳಿಗ್ಗೆ ಕಾಲೂರುವಾಗ ಮುಖ ಹಿಂಡಿದರು. ನಾನು ಒಲೆಯ ಮುಂದೆ ಇದ್ದೆ, ತಿರುಗಿ ನೋಡಲಿಲ್ಲ, ಆದರೂ ಗೊತ್ತಾಯಿತು. ಕೈಯಲ್ಲಿದ್ದ ಮುದ್ದೆ ಕೋಲು ಒಂದು ಗಳಿಗೆ ನಿಂತಿತು.

ನಾನೇನು ವಿಷ ಹಾಕಿಲ್ಲ. ಅದೇ ಮುದ್ದೆಯನ್ನು ನಾನೂ ಉಣ್ಣುತ್ತೇನೆ, ಅತ್ತೆಯೂ ಉಣ್ಣುತ್ತಾರೆ. ಲೋಕವೆಲ್ಲ ಉಣ್ಣುವ ಗೋಧಿ. ಒಗ್ಗದಿದ್ದರೆ ಅದು ಅವರ ಮೈಯ ತಪ್ಪು.

೮ ನವೆಂಬರ್

ಮತ್ತೆ ಕೋಲು ಹಿಡಿದಿದ್ದಾನೆ. ಗೋಡೆಯಿಂದ ಗೋಡೆಗೆ ಹೋಗುವುದಕ್ಕೇ ಬೆವರುತ್ತಾನೆ. ದೀಪಾವಳಿಯ ಸಂತೆಗಳಿಗೆ ಮಾರಣ್ಣನೊಬ್ಬನೇ ಹೋಗಿಬಂದ. ಮನೆಯಲ್ಲಿ ಹೊಡೆತ ನಿಂತು ದಿನಗಳಾದವು. ಬೈಗುಳ ಇದೆ, ಬೈಗುಳ ಮೈಗೆ ತಾಗುವುದಿಲ್ಲ. ಕೈಗೆ ಸಿಕ್ಕಿದ್ದನ್ನು ಎಸೆಯುತ್ತಾನೆ. ಅದಕ್ಕೆ ಮಂಚದ ಹತ್ತಿರ ಏನೂ ಇಡುವುದಿಲ್ಲ.

ಇವತ್ತು ಮಧ್ಯಾಹ್ನ ಅತ್ತೆಗೆ ಊಟಕ್ಕೆ ಬಡಿಸಿದೆ. ಅವರು ಮುದ್ದೆ ಮುರಿದು ಬೆರಳುಗಳ ನಡುವೆ ತಿಕ್ಕಿ ನೋಡಿದರು. ಹುಟ್ಟಿದಾಗಿನಿಂದ ಮುದ್ದೆ ಉಂಡ ಕೈ. ಮತ್ತೆ ತಿಕ್ಕಿದರು. ಪೂರ್ತಿ ಉಂಡರು. ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ನಡುಮನೆಯ ಕಡೆ ಒಮ್ಮೆ ನೋಡಿ ನನ್ನ ಹತ್ತಿರ ಬಂದರು.

"ಇನ್ನು ಸ್ವಲ್ಪ ಕಮ್ಮಿ ಹಾಕು. ಬೆರಳಿಗೆ ಅಂಟ್ತೈತೆ, ಗೊತ್ತಾಗ್ತೈತೆ" ಎಂದರು.

ಅತ್ತೆಯ ಎಡಗೈ ಮಣಿಕಟ್ಟು ಸೊಟ್ಟಗಿದೆ. ಚಿಕ್ಕಂದಿನಲ್ಲಿ ಬಾವಿಕಟ್ಟೆಯಿಂದ ಬಿದ್ದದ್ದು ಎಂದು ನಾನು ಮದುವೆಯಾಗಿ ಬಂದಾಗ ಹೇಳಿದ್ದರು. ಇವತ್ತು, ಅದು ಬಾವಿಯಿಂದ ಆದದ್ದಲ್ಲ, ನಿನ್ನ ಮಾವ ಮಾಡಿದ್ದು ಎಂದರು.

೨೩ ನವೆಂಬರ್, ಶನಿವಾರ

ಹಿರಿಯೂರಿನಲ್ಲಿ ಡಾಕ್ಟರ್ ಸುಚಿತ್ರಾ ಅವನ ಪಾದ ಒತ್ತಿ ನೋಡಿ ಮುಖ ಸಪ್ಪಗೆ ಮಾಡಿಕೊಂಡರು. ಇಷ್ಟು ಚೆನ್ನಾಗಿ ಸುಧಾರಿಸಿದ್ದು ಮತ್ತೆ ಯಾಕೆ ಹೀಗಾಯಿತು ಎಂದರು. ಗೋಧಿ ಸ್ವಲ್ಪವೂ ಇಲ್ಲವೇ, ಬಿಸ್ಕತ್ತು, ಉಪ್ಪಿಟ್ಟು, ಶ್ಯಾವಿಗೆ ಏನಾದರೂ ಎಂದು ಒಂದೊಂದಾಗಿ ಕೇಳಿದರು. ಅವನು ಅಳುಮುಖ ಮಾಡಿಕೊಂಡು, ದೇವರಾಣೆ ಮುಟ್ಟಿಲ್ಲ ಎಂದ. ಅವರು ನನ್ನನ್ನು ನೋಡಿದರು.

"ಒಂದು ಚಿಟಿಕೇನೂ ಇಲ್ಲ ಮೇಡಂ. ಡಬ್ಬ ತೊಳೆದು ಬೋರಲು ಹಾಕೀನಿ" ಎಂದೆ.

ಹಾಗಾದರೆ ತನ್ನ ಅಂದಾಜೇ ತಪ್ಪಿರಬಹುದು, ನರದ ಪರೀಕ್ಷೆಗೆ ದಾವಣಗೆರೆಗೆ ಹೋಗಬೇಕಾಗುತ್ತದೆ ಎಂದರು. ಬಸ್‌ಸ್ಟ್ಯಾಂಡಿನಲ್ಲಿ ಅವನು ಬೆಂಚಿನ ಮೇಲೆ ಕಾಲು ಚಾಚಿ ಕೂತು, ಅಪ್ಪನ ಹಾಗೆ ನನ್ನ ಕಾಲನ್ನೂ ಕತ್ತರಿಸುತ್ತಾರೇನೋ ಎಂದು ಅತ್ತ. ಜನ ನೋಡುತ್ತಿದ್ದರು. ನಾನು ಹೋಗಿ ಖಾರ ಮಂಡಕ್ಕಿ ಕಟ್ಟಿಸಿಕೊಂಡು ಬಂದೆ. ಬಹಳ ದಿನದ ಮೇಲೆ ನಾಲಗೆಗೆ ರುಚಿ ಹತ್ತಿತು.

೮ ಡಿಸೆಂಬರ್

ನೀರು ಕೇಳಿದ. ಕೈಯಲ್ಲಿ ಕೆಲಸವಿತ್ತು, ತಡವಾಗಿ ಕೊಟ್ಟೆ. ಕುಡಿದು ಚೊಂಬನ್ನು ನನ್ನ ಮುಖಕ್ಕೆ ಎಸೆದ. ಕಿವಿ ಸವರಿಕೊಂಡು ಹೋಗಿ ಗೋಡೆಗೆ ಬಡಿಯಿತು.

ಮೂಲೆಯಲ್ಲಿ ಕುರಿ ಹೊಡೆಯುವ ಕೋಲಿತ್ತು. ತೆಗೆದುಕೊಂಡು ಅವನ ಬಲ ಹಿಮ್ಮಡಿಗೆ ಹೊಡೆದೆ. ಒಂದು ಏಟು ಎಂದುಕೊಂಡಿದ್ದೆ. ಅವನು ಬಾಯಿ ತೆರೆದ, ಸದ್ದು ಬರಲಿಲ್ಲ. ಸದ್ದು ಬರುವ ತನಕ ಹೊಡೆದೆ. ಅತ್ತೆ ರೊಪ್ಪದಲ್ಲಿದ್ದರು, ಕೇಳಿಸಿತೋ ಇಲ್ಲವೋ.

ಕೋಲಿನ ಗಂಟು ಚುಚ್ಚಿ ಅಂಗೈ ಉರಿಯುತ್ತಿದೆ. ಅರಿಶಿನ ಹಚ್ಚಿಕೊಂಡೆ. ತಪ್ಪು ಅವನದೇ. ಚೊಂಬು ಎಸೆಯಬಾರದಿತ್ತು.

೧೯ ಡಿಸೆಂಬರ್

ಇವತ್ತು ಏನೂ ಎಸೆಯಲಿಲ್ಲ. ಆದರೂ ಏಟು ಬಿದ್ದವು. ಅವನು ನೋಡಿದ ನೋಟ ಸರಿಯಿರಲಿಲ್ಲ.

೨೯ ಡಿಸೆಂಬರ್

ಮಾರಣ್ಣ ಈಗ ವ್ಯಾಪಾರದ ಮಾತೆಲ್ಲ ನನ್ನ ಹತ್ತಿರವೇ ಆಡುತ್ತಾನೆ. ಯಲ್ಲದಕೆರೆಯಿಂದ ತಂದ ಕುರಿಯೊಂದು ದಾರಿಯಲ್ಲಿ ಸತ್ತಿತ್ತು. ಅಷ್ಟೂ ಜ್ಞಾನ ಇಲ್ಲವೇ ಎಂದು ಅಂಗಳದಲ್ಲಿ ನಿಲ್ಲಿಸಿ ಬೈದೆ. "ಬಿಡ್ರಿ ಅಕ್ಕಾ, ಬಯ್ಯಬ್ಯಾಡ್ರಿ" ಎಂದು ಹಿಂದೆ ಹಿಂದೆ ಸರಿದ. ನನ್ನ ಕೈಯಲ್ಲಿ ಕೋಲಿತ್ತು, ಅದಕ್ಕೇ ಇರಬೇಕು. ಹೋಗುವಾಗ ಅತ್ತೆಯ ಹತ್ತಿರ ಏನೋ ಹೇಳಿದ. ಅತ್ತೆ ತಲೆಯಾಡಿಸಿದರು. ಇವರದೇನು ಗುಟ್ಟೋ.

ಮೈ ಚೆನ್ನಾಗಿದೆ. ನಿದ್ದೆ ಬರುತ್ತದೆ. ಬ್ಲೌಸುಗಳನ್ನು ಹೇಳಿದ ದಿನಕ್ಕೆ ಕೊಡುತ್ತಿದ್ದೇನೆ.

೧೩ ಜನವರಿ ೨೦೨೫, ಸೋಮವಾರ

ಸಂಕ್ರಾಂತಿಗೆಂದು ಕಾವ್ಯ ಬೆಳಿಗ್ಗೆಯ ಬಸ್ಸಿಗೆ ಬಂದಳು. ಬರುತ್ತೇನೆಂದು ಹೇಳಿರಲಿಲ್ಲ. ಹೇಳಿ ಬಂದಿದ್ದರೆ ಹೀಗಾಗುತ್ತಿರಲಿಲ್ಲ.

ಅವನು ಬಚ್ಚಲಿಗೆ ಹೋಗಲು ನೆಲದ ಮೇಲೆ ಕುಂಡೆ ಎಳೆದುಕೊಂಡು ಹೊರಟಿದ್ದ. ಕರೆದರೂ ನಾನು ಬರಲಿಲ್ಲವೆಂದು ಸೂಳೆ ಎಂದ. ನಾನು ಹೋಗಿ ಅವನ ಪಾದದ ಮೇಲೆ ನಿಂತೆ. ಸುಮ್ಮನೆ ನಿಂತೆ, ಅಷ್ಟೆ. ಮತ್ತೊಂದು ಸಲ ಅನ್ನು ಎಂದೆ. ಅವನು ಅನ್ನಲಿಲ್ಲ. ಆದರೂ ಇಳಿಯಲಿಲ್ಲ, ಹಿಮ್ಮಡಿಯಿಂದ ತಿರುವಿದೆ. ತಲೆ ಎತ್ತಿದರೆ ಬಾಗಿಲಲ್ಲಿ ಕಾವ್ಯ, ಹೆಗಲಲ್ಲಿ ಬ್ಯಾಗು.

"ಇಳಿಯಮ್ಮ. ಸಾಕು" ಎಂದಳು.

ನಿನ್ನ ಕೈ ಮೇಲೆ ಇವನು ಹೀಗೇ ನಿಂತಿದ್ದ, ಮರೆತೆಯಾ ಎಂದೆ. ಅವಳು ಬ್ಯಾಗು ಕೆಳಗಿಟ್ಟು ಬಂದು ಅಪ್ಪನ ಕಂಕುಳಿಗೆ ಕೈ ಹಾಕಿ ಎತ್ತಲು ನೋಡಿದಳು. ಆ ಬೆರಳುಗಳು ಇನ್ನೂ ನೆಟ್ಟಗೆ ಮಡಚುವುದಿಲ್ಲ. ಅವುಗಳಿಂದಲೇ ಅವನನ್ನು ಹಿಡಿದಿದ್ದಳು.

"ಮರೆತಿಲ್ಲ. ನನ್ನ ಕೈ ಹೆಸರು ಹೇಳ್ಕಂಡು ಇದನ್ನ ಮಾಡಬ್ಯಾಡ" ಎಂದಳು.

ಕೈ ತಾನಾಗಿಯೇ ಎದ್ದಿತು. ಜೋರಾಗೇನೂ ಹೊಡೆಯಲಿಲ್ಲ. ತುಟಿ ಹಲ್ಲಿಗೆ ತಾಗಿ ರಕ್ತ ಬಂತು, ಅಷ್ಟೆ. ಎದುರು ಮಾತಾಡಬಾರದಿತ್ತು. ಅವಳು ಅಳಲಿಲ್ಲ, ಅಪ್ಪನನ್ನು ಬಚ್ಚಲಿಗೆ ಕರೆದುಕೊಂಡು ಹೋಗಿ ತಂದು ಮಂಚಕ್ಕೆ ಹತ್ತಿಸಿ, ಬ್ಯಾಗು ಹೆಗಲಿಗೆ ಹಾಕಿಕೊಂಡು ಹೊರಟೇಹೋದಳು. ಎಳ್ಳು ಬೆಲ್ಲ ಮಾಡಿಟ್ಟಿದ್ದೆ, ಅದನ್ನೂ ತಿನ್ನಲಿಲ್ಲ. ಸಂಜೆ ನನ್ನ ತಮ್ಮ ಪ್ರಭು ಫೋನ್ ಮಾಡಿದ. ಬಿ.ದುರ್ಗದಲ್ಲಿ ಅವನ ಮನೆಗೆ ಬಂದು ಮುಟ್ಟಿದ್ದಾಳಂತೆ. ಏನಾಯಿತಕ್ಕ ಎಂದು ಕೇಳಿದ. ಏನಿಲ್ಲ ಎಂದೆ.

೧೫ ಜನವರಿ

ಬೆಳಿಗ್ಗೆ ಎದ್ದರೆ ಅತ್ತೆ ಒಲೆಯ ಮುಂದೆ ಕೂತಿದ್ದಾರೆ. ಹಿಟ್ಟಿನ ಡಬ್ಬ ಖಾಲಿ. ಹಿಟ್ಟನ್ನೆಲ್ಲ ಕುರಿಗಳ ತೊಟ್ಟಿಗೆ ಸುರಿದು ಬಂದಿದ್ದಾರೆ. ಪಕ್ಕದ ಮನೆಯಿಂದ ಬರಿ ರಾಗಿ ಹಿಟ್ಟು ಕೇಳಿ ತಂದು ಮುದ್ದೆಗೆ ಎಸರಿಟ್ಟಿದ್ದಾರೆ. ನಾನು ಮುದ್ದೆ ಕೋಲು ತೆಗೆದುಕೊಳ್ಳಲು ಹೋದರೆ ಕೊಡಲಿಲ್ಲ.

"ಅವ್ನು ಹೊಡೀದಂಗೆ ಆಗ್ಲಿ ಅಂತ ನಾನು ಬಾಯಿ ಮುಚ್ಕಂಡಿದ್ದೆ. ನೀನು ಹೊಡೀಲಿ ಅಂತಲ್ಲ" ಎಂದರು.

ಅವನು ಎದ್ದು ಓಡಾಡುವ ಹಾಗಾದರೆ ನನ್ನ ಗತಿ ಏನು ಎಂದು ಕೇಳಿದೆ. ನಿನಗೆ ಇನ್ನು ಯಾರೂ ಏನೂ ಮಾಡಲಾರರು ಎಂದರು. ಅದನ್ನು ಧೈರ್ಯದ ಮಾತಿನ ಹಾಗೆ ಹೇಳಲಿಲ್ಲ. ಇಷ್ಟು ವರ್ಷ ಮಗ ಹೊಡೆಯುವಾಗ ಅಡುಗೆ ಮನೆಯಲ್ಲಿ ಕೂತಿದ್ದವರು ಈಗ ನನಗೆ ಬುದ್ಧಿ ಹೇಳುತ್ತಾರೆ. ನನ್ನ ಕೈ ಅಡುಗೆ ಇನ್ನು ಬೇಡವಂತೆ. ಬೇಡದಿದ್ದರೆ ಬಿಡಲಿ.

೨೦ ಫೆಬ್ರವರಿ

ಇದನ್ನು ನಡೆದ ಹಾಗೇ ಬರೆಯುತ್ತೇನೆ.

ಅವನ ಕಾಲು ದಿನದಿನಕ್ಕೆ ನೆಟ್ಟಗಾಗುತ್ತಿರುವುದು ನನಗೆ ಗೊತ್ತಿತ್ತು. ಅವನು ಕೋಲು ಬಿಟ್ಟಾಗಿನಿಂದ ಬಟ್ಟೆಯ ಕತ್ತರಿಯನ್ನು ಮೇಜಿನ ಮೇಲೆ ಇಡುವುದನ್ನು ಬಿಟ್ಟು ಮಡಿಲಲ್ಲಿ ಇಟ್ಟುಕೊಳ್ಳುತ್ತಿದ್ದೆ. ಇವತ್ತು ಮಧ್ಯಾಹ್ನ ನಾನು ಹೊಲಿಯುತ್ತಿದ್ದೆ. ಅವನು ನಡೆದು ಬಂದು ಎದುರಿಗೆ ನಿಂತ. ಎರಡೂ ಹಿಮ್ಮಡಿ ನೆಲಕ್ಕೆ ಊರಿದ್ದವು. ಮೊದಲು ನಾನು ನೋಡಿದ್ದು ಅದನ್ನೇ.

"ಅವ್ವ ಅಡಿಗೆ ಹಿಡಿದ ಮ್ಯಾಲೆ ಕಾಲು ನೆಟ್ಟಗಾದ್ವು. ಹಿಟ್ಟಿಗೆ ಗೋಧಿ ಬೆರೆಸ್ತಿದ್ಯೇನಲೇ?" ಎಂದ.

"ಹೌದು" ಎಂದೆ.

ಹೇಳುವಾಗ ನನಗೆ ಹೆದರಿಕೆಯಾಗಲಿಲ್ಲ. ಅವನು ಸೊಂಟದಿಂದ ಬೆಲ್ಟು ಎಳೆದ. ಮೊದಲ ಏಟು ಹೆಗಲಿಗೆ ಬಿತ್ತು. ಎರಡನೆಯದಕ್ಕೆ ಕೈ ಎತ್ತುವಷ್ಟರಲ್ಲಿ ನಾನು ಎದ್ದು ಕತ್ತರಿಯಿಂದ ಅವನ ತೋಳಿಗೆ ಹೊಡೆದೆ. ಮೊಣಕೈಯಿಂದ ಮಣಿಕಟ್ಟಿನವರೆಗೆ ಬಟ್ಟೆ ಹರಿದ ಹಾಗೆ ಬಿಚ್ಚಿಕೊಂಡಿತು. ಬೆಲ್ಟು ಕೆಳಗೆ ಬಿತ್ತು. ಅವನು ಗೋಡೆಗೆ ಒರಗಿ ಜಾರಿ ಕೂತ. ಅಲ್ಲಿಗೆ ಮುಗಿಯಬಹುದಿತ್ತು. ನಾನು ಅವನ ಮೇಲೆ ಬಗ್ಗಿದೆ. ಕುತ್ತಿಗೆಯ ಬುಡದಲ್ಲಿ ನರ ಹಾರುತ್ತಿತ್ತು, ಅಲ್ಲಿಗೆ ಎಂದು ನೋಡಿಕೊಂಡಿದ್ದೆ. ಹಿಂದಿನಿಂದ ಅತ್ತೆ ಬಂದು ನನ್ನ ಎರಡೂ ರಟ್ಟೆ ತಬ್ಬಿ ಹಿಡಿದರು. ಮುದುಕಿಗೆ ಅಷ್ಟು ಶಕ್ತಿ ಎಲ್ಲಿಂದ ಬಂತೋ.

"ಕೊಲ್ತಾಳೆ ಅವ್ವಾ, ಬಿಡಬ್ಯಾಡ" ಎಂದ. ಹದಿನೆಂಟು ವರ್ಷದಲ್ಲಿ ಅವನ ಬಾಯಿಂದ ಅಂಥ ದನಿ ನಾನು ಕೇಳಿರಲಿಲ್ಲ.

ಯಾರದೋ ಮದುವೆಯ ಬಿಳಿ ರೇಷ್ಮೆ ಬಟ್ಟೆಯ ಮೇಲೆಲ್ಲ ರಕ್ತ. ಮಾರಣ್ಣ ಲಾರಿಯಲ್ಲಿ ಹಿರಿಯೂರಿಗೆ ಕರೆದೊಯ್ದು ಹೊಲಿಗೆ ಹಾಕಿಸಿ ತಂದ. ರೊಪ್ಪದ ತಗಡು ಕೊಯ್ಯಿತು ಎಂದು ಅಲ್ಲಿ ಹೇಳಿದನಂತೆ. ಕೇಳಿ ನನಗೆ ನಗು ಬಂತು. ನಗು ನಿಲ್ಲಿಸಲು ಆಗಲಿಲ್ಲ. ಅತ್ತೆ ಎದ್ದು ಹೊರಗೆ ಹೋದರು.

೨ ಮಾರ್ಚ್, ಭಾನುವಾರ

ಪರೀಕ್ಷೆ ಮುಗಿಸಿ ಕಾವ್ಯ ಬಿ.ದುರ್ಗದಲ್ಲೇ ಇದ್ದಾಳೆ. ಕರೆತರಲು ಹೋಗಿದ್ದೆ. ಪ್ರಭುವಿನ ಹೆಂಡತಿ ಲತಾ ಕಾಲಿಗೆ ನೀರು ಕೊಟ್ಟು "ಕುಂತ್ಕಳ್ರಿ ಅತ್ತಿಗೆ" ಎಂದು ಚಾಪೆ ಹಾಕಿ ಒಳಗೆ ಹೋದಳು. ಕಾವ್ಯ ಹೊಸ್ತಿಲಿನ ಆಚೆ ನಿಂತೇ ಇದ್ದಳು.

ನಿನಗಾಗಿಯೇ ಇಷ್ಟೆಲ್ಲ ಮಾಡಿದ್ದು, ಈಗ ಅವನು ನಮ್ಮ ತಂಟೆಗೆ ಬರುವುದಿಲ್ಲ, ಹೆದರಿಕೊಂಡಿದ್ದಾನೆ, ಮನೆಗೆ ಹೋಗೋಣ ಬಾ ಎಂದೆ. ಅವಳು ಬಹಳ ಹೊತ್ತು ಬೆರಳುಗಳನ್ನು ನೀವಿಕೊಳ್ಳುತ್ತಿದ್ದಳು. ಚಳಿಗೆ ಅವು ಇನ್ನೂ ನೋಯುತ್ತವಂತೆ.

"ನಿನ್ನ ಜತಿ ಇರ್ತೀನಮ್ಮ. ಆ ಮನೇಲಲ್ಲ. ಅಪ್ಪನ ಹತ್ರ ನೀನಿರಬ್ಯಾಡ. ನಿನ್ನ ಹತ್ರ ಅಪ್ಪ ಇರಬ್ಯಾಡ" ಎಂದಳು.

ಮೊದಲನೆಯದು ಅರ್ಥವಾಯಿತು. ಅವನ ಹತ್ತಿರ ನಾನಿರಬಾರದು, ಸರಿ. ಎರಡನೆಯದನ್ನು ಯಾಕೆ ಹೇಳಿದಳೋ ತಿಳಿಯಲಿಲ್ಲ. ಮಾತಿನ ಓಟಕ್ಕೆ ಬಂದಿರಬೇಕು. ಪ್ರಭು ಹೊಳಲ್ಕೆರೆಯಲ್ಲಿ ಬಸ್‌ಸ್ಟ್ಯಾಂಡಿನ ಹಿಂದೆ ಒಂದು ರೂಮು ನೋಡಿದ್ದಾನೆ. ಮುಂದೆ ಯಂತ್ರ ಹಾಕಿಕೊಳ್ಳಲು ಜಾಗವಿದೆಯಂತೆ. ಆಗಲಿ ಎಂದೆ.

೯ ಮಾರ್ಚ್

ಒಂದು ವಾರದಿಂದ ಬಿ.ದುರ್ಗದಲ್ಲೇ ಇದ್ದೇನೆ. ಸಾಮಾನು ತರಲು ಪ್ರಭುವಿನ ಜೊತೆ ಐಮಂಗಲಕ್ಕೆ ಹೋಗಿದ್ದೆ. ಅತ್ತೆ ನನ್ನ ಸೀರೆಗಳನ್ನು ಮಡಿಸಿ ಗಂಟು ಕಟ್ಟಿಟ್ಟಿದ್ದರು. ಅವನು ಮಂಚದ ಮೇಲೆ ಕೂತಿದ್ದ, ತೋಳಿಗೆ ಪಟ್ಟಿ, ಕಾಲು ಕೆಳಗೆ ಬಿಟ್ಟುಕೊಂಡು. ಬೈಯಲಿಲ್ಲ. ತಡೆಯಲೂ ಇಲ್ಲ. ಪೊಲೀಸರ ಮಾತು ನಾನೂ ಎತ್ತಲಿಲ್ಲ, ಅವನೂ ಎತ್ತಲಿಲ್ಲ.

ಹೊಲಿಗೆ ಯಂತ್ರ ಮಂಚದ ಪಕ್ಕದಲ್ಲೇ ಇತ್ತು. ಸ್ಕ್ರೂ ಬಿಚ್ಚಲು ನಾನು ಅಲ್ಲಿ ಬಗ್ಗಿದೆ. ತಕ್ಷಣ ಅವನು ಎರಡೂ ಪಾದಗಳನ್ನು ಎತ್ತಿ ಮಂಚದ ಮೇಲೆ ಇಟ್ಟುಕೊಂಡು ಕಂಬಳಿ ಎಳೆದುಕೊಂಡ. ಪ್ರಭು ಅದನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ. ನಾನು ಸ್ಕ್ರೂ ಬಿಚ್ಚುತ್ತಿದ್ದೆ, ಅಷ್ಟೆ.

ಹೊರಡುವಾಗ ಅತ್ತೆ ಬಾಗಿಲ ತನಕ ಬಂದರು. ಅವನಿಗೆ ಗೋಧಿ ಕೊಡಬೇಡಿ ಎಂದು ಹೇಳಿದೆ. ಯಾಕೆ ಹೇಳಿದೆನೋ. ಕೊಡಲ್ಲ ಹೋಗು ಎಂದರು. ನನ್ನ ಕೈ ಹಿಡಿದುಕೊಂಡು ಸ್ವಲ್ಪ ಹೊತ್ತು ಬಿಡಲಿಲ್ಲ.

೧೬ ಮಾರ್ಚ್, ಭಾನುವಾರ

ರೂಮು ಸಣ್ಣದು, ಬೆಳಕು ಚೆನ್ನಾಗಿದೆ. ಮೂರು ಬ್ಲೌಸಿಗೆ ಆಗಲೇ ಅಳತೆ ತೆಗೆದುಕೊಂಡಿದ್ದೇನೆ. ಕಾವ್ಯ ನಿನ್ನೆ ಬಂದಳು. ಬಂದವಳು ತನ್ನ ಹಾಸಿಗೆಯನ್ನು ಬಾಗಿಲ ಹತ್ತಿರ ಹಾಸಿಕೊಂಡಳು. ಅಲ್ಲಿ ಗಾಳಿ ಬರುತ್ತದಂತೆ.

ಇವತ್ತು ಬೆಳಿಗ್ಗೆ ಚಪಾತಿ ತಿನ್ನುವ ಆಸೆಯಾಗಿದೆ ಎಂದಳು. ಹಾಸ್ಟೆಲಿನಲ್ಲಿ ಕೊಡುವುದು ಚರ್ಮದ ಹಾಗೆ ಇರುತ್ತದಂತೆ. ಅಂಗಡಿಯಿಂದ ಗೋಧಿ ಹಿಟ್ಟು ತಂದು ಕಲಸಲು ಕೂತೆ. ಅವಳು ಎದುರಿಗೆ ಈರುಳ್ಳಿ ಹೆಚ್ಚುತ್ತ ಕಾಲೇಜಿನ ಸುದ್ದಿ ಹೇಳುತ್ತಿದ್ದಳು. ಯಾರೋ ಗಂಗಾ ಎಂಬ ಗೆಳತಿ, ಅವಳ ಜಗಳಗಳು. ನಾನು ಕೇಳುತ್ತ ನಗುತ್ತ ಹಿಟ್ಟು ನಾದುತ್ತಿದ್ದೆ. ಎಷ್ಟೋ ತಿಂಗಳ ಮೇಲೆ ಮನಸ್ಸು ಇಷ್ಟು ತಂಪಾಗಿತ್ತು. ಯಾರ ಮೇಲೂ ಸಿಟ್ಟಿರಲಿಲ್ಲ. ಅದಂತೂ ನಿಜ.

ಅವಳು ಮಾತು ನಿಲ್ಲಿಸಿದ್ದು ನನಗೆ ತಡವಾಗಿ ತಿಳಿಯಿತು. ಈಳಿಗೆ ಬಿಟ್ಟು ಎದ್ದು ಬಂದು, ಮೆಲ್ಲಗೆ ಹಿಟ್ಟಿನ ಪರಾತವನ್ನು ತನ್ನ ಕಡೆಗೆ ಎಳೆದುಕೊಂಡಳು.

"ಕೊಡಮ್ಮ, ನಾನು ನಾದ್ತೀನಿ. ನೀನು ಗುದ್ತಾ ಇದೀಯ" ಎಂದಳು.

ಕೆಳಗೆ ನೋಡಿದೆ. ಹಿಟ್ಟಿನ ತುಂಬ ನನ್ನ ಗೆಣ್ಣುಗಳ ಕುಳಿ. ಪರಾತ ನಾನು ಕೂತಲ್ಲಿಂದ ಗೋಡೆಯ ತನಕ ಸರಿದುಹೋಗಿತ್ತು. ಅವಳು ಆ ಮುರಿದ ಬೆರಳುಗಳಿಂದ ನಿಧಾನವಾಗಿ ನಾದತೊಡಗಿದಳು. ನಾನು ಎದುರಿಗೆ ಕೂತು ನೋಡಿದೆ. ನನ್ನ ಬಲಗೈ ತೊಡೆಯ ಮೇಲೆ ಮುಷ್ಟಿಯಾಗಿಯೇ ಇತ್ತು. ಎಡಗೈಯಿಂದ ಒಂದೊಂದೇ ಬೆರಳು ಬಿಡಿಸಿದೆ.